ಒಂದು ಚೆಂಡಿಗೆ ಎಷ್ಟು ಹೂ?

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಜಿಲ್ಲೆಯ ಒಂದು ಕಾಲೇಜಿನವರು ಸ್ಟಾರ್ಟಪ್ ಸ್ಪರ್ಧೆಗೆ ತೀರ್ಪುಗಾರನಾಗಿ ಬನ್ನಿ ಎಂದು ಕರೆದರು. ಪರಿಚಯಕ್ಕೆ ಎರಡು ಸಾಲು ಕಳಿಸಿ ಅಂದರು. ಹತ್ತು ವರ್ಷದಿಂದ ವಿಸಿಟಿಂಗ್ ಕಾರ್ಡಿನ ಹಿಂದೆ ಅಚ್ಚು ಹಾಕಿಸಿಕೊಂಡು ಬಂದಿದ್ದ ಸಾಲನ್ನೇ ಕಳಿಸಿದೆ: ಉದ್ಯಮಿ, ಸ್ಟಾರ್ಟಪ್, ಸೃಜನಶೀಲ ಐಡಿಯಾ, ತಂತ್ರಜ್ಞಾನ ಮತ್ತು ಮಾಧ್ಯಮಗಳಲ್ಲಿ ಆಸಕ್ತಿ. ವೇದಿಕೆಯ ಮೇಲೆ ನಿರೂಪಕಿ ಅದನ್ನು ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಒಂದರ ಹಿಂದೆ ಒಂದು ತಂಡ ಬಂದು ತಮ್ಮ ಪರಿಚಯ ಹೇಳಿಕೊಳ್ಳತೊಡಗಿತು. ಹೆಚ್ಚುಕಡಿಮೆ ಎಲ್ಲರದೂ ಅದೇ ಸಾಲು, ಅದೇ ನಾಲ್ಕು ಆಸಕ್ತಿ. ಕನ್ನಡಿ ಅಂಗಡಿಯಲ್ಲಿ ಕೂತ ಹಾಗಾಯಿತು ನನಗೆ.

ನಾಲ್ಕನೆಯದೋ ಐದನೆಯದೋ ತಂಡದ ವಿಷಯ ಶಂಕರಪುರ ಮಲ್ಲಿಗೆ. ಕೋಟು ಹಾಕಿದ್ದ ಇಬ್ಬರು ಹುಡುಗರು ಸೊಗಸಾದ ಇಂಗ್ಲಿಷಿನಲ್ಲಿ ವಿವರಿಸಿದರು: ಈ ವ್ಯಾಪಾರ ಅಸಂಘಟಿತವಾಗಿದೆ, ಮಧ್ಯವರ್ತಿಗಳ ಕೈಯಲ್ಲಿದೆ, ನಮ್ಮ ಆ್ಯಪ್ ಬೆಳೆಗಾರರನ್ನು ನೇರವಾಗಿ ಗ್ರಾಹಕರಿಗೆ ಜೋಡಿಸುತ್ತದೆ, ಐದು ವರ್ಷದಲ್ಲಿ ಇಷ್ಟು ಕೋಟಿ. ಪರದೆಯ ಮೇಲೆ ಬಾಣಗಳು ಮೇಲಕ್ಕೆ ಏರುತ್ತಿದ್ದವು. ಮುಗಿದ ಮೇಲೆ ನಾನು ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳಿದೆ. "ಒಂದು ಚೆಂಡಿಗೆ ಎಷ್ಟು ಹೂ?"

ಹುಡುಗರು ಮುಖ ಮುಖ ನೋಡಿಕೊಂಡರು. ಉತ್ತರ ಬಂದದ್ದು ವೇದಿಕೆಯ ಮೂಲೆಯಿಂದ. ಅಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಸ್ಲೈಡು ಬದಲಾಯಿಸುತ್ತಿದ್ದ ಹುಡುಗಿ ಹೇಳಿದಳು. "ಎಂಟುನೂರು ಸರ್. ನಾಲ್ಕು ಚೆಂಡು ಸೇರಿದ್ರೆ ಒಂದು ಅಟ್ಟೆ." ಅವಳ ಅಮ್ಮ ಮನೆಯಂಗಳದ ಗಿಡಗಳ ಹೂ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ದಿನವೂ ಕಟ್ಟೆಗೆ ಕೊಡುತ್ತಾರಂತೆ. ಹಾಗಾದರೆ ನೀನು ಯಾಕೆ ಮಾತಾಡಲಿಲ್ಲ ಅಂದೆ. "ನನ್ನ ಇಂಗ್ಲಿಷ್ ಅಷ್ಟು ಸಮ ಇಲ್ಲ ಸರ್" ಅಂದಳು. ಸಭೆ ನಕ್ಕಿತು. ಅವಳೂ ನಕ್ಕಳು.

ನಮ್ಮ ಕೈಗೆ ಕೊಟ್ಟಿದ್ದ ಅಂಕಪಟ್ಟಿಯಲ್ಲಿ 'ಸಂವಹನ' ಎಂಬುದಕ್ಕೆ ಹತ್ತು ಅಂಕ ಇತ್ತು, 'ಮಾರುಕಟ್ಟೆಯ ಗಾತ್ರ' ಎಂಬುದಕ್ಕೆ ಹತ್ತು ಇತ್ತು. ಎಂಟುನೂರು ಎಂದು ಗೊತ್ತಿದ್ದವರಿಗೆ ಅಂಕ ಕೊಡುವ ಕಾಲಂ ಇರಲಿಲ್ಲ. ನಾನು ಪಟ್ಟಿ ತುಂಬಿದೆ. ತಂಡಕ್ಕೆ ಎರಡನೆಯ ಬಹುಮಾನ ಬಂತು. ಚೆಕ್ಕು ಹಿಡಿದು ಫೋಟೋಕ್ಕೆ ನಿಂತವರ ಸಾಲಿನಲ್ಲಿ ಅವಳು ತುದಿಯಲ್ಲಿದ್ದಳು.

ಈ ಬರಹ ಆ ಕಾಲೇಜಿನ ಮೇಲಿನ ದೂರಲ್ಲ. ಅಂಥ ಅಂಕಪಟ್ಟಿ ಎಲ್ಲ ಕಡೆ ಇದೆ, ಅದನ್ನು ತುಂಬಿದ ಕೈ ನನ್ನದು. ನನ್ನ ತಕರಾರು ಆ ನಾಲ್ಕು ಆಸಕ್ತಿಗಳ ಸಾಲಿನ ಮೇಲೆ. ಆಸಕ್ತಿ ಎಂಬುದು ಉದ್ಯಮವಲ್ಲ, ಉದ್ಯಮದ ಮೊದಲ ಮೆಟ್ಟಿಲೂ ಅಲ್ಲ. ಯಾರಿಗೆ ಏನು ಕಮ್ಮಿಯಾಗಿದೆ ಎಂದು ತಿಳಿದಿರುವುದು ಮೊದಲ ಮೆಟ್ಟಿಲು. ನಾವು ಈಗ ಕಟ್ಟುತ್ತಿರುವ ಸ್ಟಾರ್ಟಪ್ ಸಂಸ್ಕೃತಿ ಆಸಕ್ತಿ ಇರುವವನ ಕೈಗೆ ಮೈಕು ಕೊಟ್ಟು, ತಿಳಿದವಳನ್ನು ಸ್ಲೈಡು ಬದಲಾಯಿಸಲು ಕೂರಿಸುತ್ತಿದೆ. ಇದು ಅನ್ಯಾಯ ಹೌದು, ಅದಕ್ಕಿಂತ ಮೊದಲು ಇದು ದಡ್ಡತನ. ಉಡುಪಿಯಂಥ ಊರಿನಲ್ಲಂತೂ ಈ ದಡ್ಡತನಕ್ಕೆ ಕ್ಷಮೆಯೇ ಇಲ್ಲ.

ಯಾಕೆಂದರೆ ಸ್ಟಾರ್ಟಪ್ ಎಂಬ ಶಬ್ದ ಬರುವ ಎಷ್ಟೋ ಮೊದಲೇ ಇಲ್ಲಿ ಅದು ನಡೆದಿದೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಉಡುಪಿಯಲ್ಲಿ ಹುಟ್ಟಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಒಬ್ಬ ವ್ಯಾಪಾರಿ, ಒಬ್ಬ ಎಂಜಿನಿಯರ್, ಒಬ್ಬ ವೈದ್ಯ ಸೇರಿ ಇನ್ನೊಂದನ್ನು ತೆರೆದರು: ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ. ಬಂಡವಾಳ 8,000 ರೂಪಾಯಿ. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದರು, ಅವರಿಗೆ ಸಾಲ ಕೊಡಬೇಕಿತ್ತು, ಸಾಲ ಕೊಡಲು ದುಡ್ಡು ಬೇಕಿತ್ತು. ದುಡ್ಡು ಊರಿನಲ್ಲೇ ಇತ್ತು, ಆದರೆ ಆಣೆ ಆಣೆಯಾಗಿ ಸಾವಿರ ಮನೆಗಳಲ್ಲಿ ಚದುರಿತ್ತು. ಎರಡು ಆಣೆ ಹಿಡಿದುಕೊಂಡು ಯಾವ ಬಡವ ಬ್ಯಾಂಕಿನ ಮೆಟ್ಟಿಲು ಹತ್ತುತ್ತಾನೆ? ಅದಕ್ಕೆ 1928ರಲ್ಲಿ ಬ್ಯಾಂಕೇ ಮನೆಬಾಗಿಲಿಗೆ ಹೋಯಿತು. ಏಜೆಂಟ್ ದಿನವೂ ಬಂದು ಎರಡಾಣೆ ಪಡೆದು ಬರೆದುಕೊಂಡು ಹೋಗುವ ಪಿಗ್ಮಿ ಠೇವಣಿ ಶುರುವಾಯಿತು.

ಇದನ್ನು ಇವತ್ತಿನ ಭಾಷೆಯಲ್ಲಿ ಹೇಳಿದರೆ ಎಷ್ಟು ಆಕರ್ಷಕವಾಗಿ ಕೇಳಿಸುತ್ತದೆ! ಸೂಕ್ಷ್ಮ ಉಳಿತಾಯ, ಮನೆಬಾಗಿಲ ಸೇವೆ, ಕೊನೆಯ ಮೈಲಿ. ಆದರೆ ಅದನ್ನು ಹುಟ್ಟಿಸಿದ್ದು ಆ ಭಾಷೆಯಲ್ಲ. ಹೆಂಗಸರ ಕೈಗೆ ದುಡ್ಡು ಬರುವುದು ಸಣ್ಣ ಚಿಲ್ಲರೆಯಾಗಿ, ಸಂಜೆಯೊಳಗೆ ಅದು ಖರ್ಚಾಗಿಹೋಗುತ್ತದೆ ಎಂಬ ತಿಳಿವು ಅದನ್ನು ಹುಟ್ಟಿಸಿತು. ಆ ತಿಳಿವು ಸಿಗುವುದು ಬಾಗಿಲಿನಲ್ಲಿ ನಿಂತವನಿಗೆ.

ಹಳೆಯದನ್ನು ಹೊಗಳಿ ಸುಮ್ಮನಾಗುವುದೂ ಒಂದು ಸೋಗು. ಆದ್ದರಿಂದ ಇನ್ನೊಂದು ಮುಖವನ್ನೂ ಹೇಳಬೇಕು. ಆ ಪಿಗ್ಮಿ ಏಜೆಂಟರಿಗೆ ಸಂಬಳ ಇರಲಿಲ್ಲ, ಕಮಿಷನ್ ಇತ್ತು. ಬಿಸಿಲು ಮಳೆಯಲ್ಲಿ ಮನೆ ಮನೆ ಸುತ್ತಿದವರು ಬ್ಯಾಂಕಿನ ನೌಕರರು ಹೌದೋ ಅಲ್ಲವೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅವರು ಕಾರ್ಮಿಕರೇ ಎಂದು ಕೋರ್ಟು ಹೇಳಿದ್ದು 2001ರಲ್ಲಿ. ಯೋಜನೆ ಹುಟ್ಟಿ 73 ವರ್ಷಗಳ ನಂತರ! ಇವತ್ತು ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿ ಬೆನ್ನಿಗೆ ಚೌಕದ ಚೀಲ ಹಾಕಿಕೊಂಡು ಹಾಸ್ಟೆಲುಗಳಿಗೆ ಊಟ ಒಯ್ಯುವ ಹುಡುಗರನ್ನು ಆ್ಯಪ್ ಕಂಪನಿಗಳು ಪಾಲುದಾರರು ಎಂದು ಕರೆಯುತ್ತವೆ. ಅವರಿಗಾಗಿ ರಾಜ್ಯ ಒಂದು ಕಾನೂನು ಮಾಡಿದ್ದು 2025ರಲ್ಲಿ. ಸ್ಟಾರ್ಟಪ್ ಬಗ್ಗೆ ಆಸಕ್ತಿ ಇರುವ ವಿದ್ಯಾರ್ಥಿಗೆ ಪಿಗ್ಮಿಯ ಎರಡು ಪಾಠಗಳೂ ಬೇಕು: ಬಾಗಿಲಿಗೆ ಹೋಗು ಎಂಬುದು ಒಂದು, ಬಾಗಿಲಿಗೆ ಹೋಗುವವನನ್ನು ಮರೆಯಬೇಡ ಎಂಬುದು ಇನ್ನೊಂದು. ನಮ್ಮ ಸ್ಪರ್ಧೆಗಳು ಎರಡನ್ನೂ ಕಲಿಸುವುದಿಲ್ಲ. ಉಡುಪಿಯಲ್ಲಿ ಹುಟ್ಟಿದ ಆ ಎರಡೂ ಬ್ಯಾಂಕುಗಳ ಹೆಸರು 2020ರ ಏಪ್ರಿಲ್ 1ರಂದು, ಒಂದೇ ದಿನ, ಬೇರೆ ಬ್ಯಾಂಕುಗಳಲ್ಲಿ ಕರಗಿಹೋಯಿತು. ಹೆಸರು ಹೋಯಿತು ಎಂದು ಅತ್ತವರು ಬಹಳ. ಆ ಕ್ರಮವನ್ನು ನಾವೇ ಮರೆತಿದ್ದೇವೆ ಎಂದು ಅತ್ತವರನ್ನು ನಾನು ಕಾಣಲಿಲ್ಲ.

ತಂತ್ರಜ್ಞಾನಕ್ಕೆ ಬರೋಣ. ಈ ಲೇಖನವನ್ನು ನಾನು ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಒತ್ತುತ್ತಿದ್ದೇನೆ. 'ಅಕ್ಕ' ಎಂದು ಬರೆಯಲು ಎ, ಕೆ, ಎಫ್, ಕೆ ಎಂಬ ನಾಲ್ಕು ಕೀಲಿ ಸಾಕು. ನಡುವಿನ ಎಫ್ ಎರಡು ವ್ಯಂಜನಗಳನ್ನು ಬೆಸೆಯುತ್ತದೆ. ಒತ್ತಕ್ಷರದ ಆಕಾರ ಹೇಗಿರಬೇಕು, ಎಲ್ಲಿ ಕೂರಬೇಕು ಎಂಬ ಚಿಂತೆ ಯಂತ್ರಕ್ಕೆ ಸೇರಿದ್ದು. ನಾನು ನಾಲಗೆಯ ಕ್ರಮದಲ್ಲಿ ಒತ್ತಿದರೆ ಆಯಿತು. ಕೈಬೆರಳಿಗೆ ಇಷ್ಟು ಸಲೀಸಾದ ಈ ವಿನ್ಯಾಸವನ್ನು ರೂಪಿಸಿದವರು ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್. ಮುಂಬಯಿಯಲ್ಲಿ ವಿಜ್ಞಾನ ಮತ್ತು ಮುದ್ರಣ ಎರಡೂ ಲೋಕಗಳಲ್ಲಿ ದುಡಿದು ಮಣಿಪಾಲಕ್ಕೆ ಬಂದವರು. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು', ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಅದನ್ನು ಅವರು ಉಚಿತವಾಗಿ ಹಂಚಿದರು. ಅವರ ಕೀಲಿಮಣೆಯ ವಿನ್ಯಾಸವೇ 'ನುಡಿ'ಗೂ ಬಂತು, ಸರ್ಕಾರಿ ಕಚೇರಿಗಳಿಗೂ ಹೋಯಿತು.

ಇವರು ನಮ್ಮ ಸ್ಪರ್ಧೆಗೆ ಬಂದಿದ್ದರೆ ಏನಾಗುತ್ತಿತ್ತು ಎಂದು ಊಹಿಸುತ್ತೇನೆ. ಆದಾಯದ ಮಾದರಿ ಏನು ಎಂದು ನಾನೇ ಕೇಳುತ್ತಿದ್ದೆ. ಉಚಿತ ಎಂದರೆ ಶೂನ್ಯ ಹಾಕುತ್ತಿದ್ದೆ. ಪಕ್ಕದ ತೀರ್ಪುಗಾರರು ಇದನ್ನು ಬೇರೆ ಊರಿಗೆ ವಿಸ್ತರಿಸಬಹುದೇ ಅನ್ನುತ್ತಿದ್ದರು. ಕನ್ನಡದ ವರ್ಣಮಾಲೆಯ ಒಳಗೇ ಒಂದು ತರ್ಕ ಇದೆ, ಆ ತರ್ಕವನ್ನು ಹಿಡಿದರೆ ಇಂಗ್ಲಿಷ್ ಕೀಲಿಮಣೆಯಲ್ಲೇ ನಮ್ಮ ಅಕ್ಷರಗಳೆಲ್ಲ ಕೂರುತ್ತವೆ ಎಂದು ಕಂಡುಕೊಳ್ಳಲು ವ್ಯಾಕರಣ ಬೇಕು, ಅಚ್ಚುಮೊಳೆಯ ಅನುಭವ ಬೇಕು. ತಂತ್ರಜ್ಞಾನದಲ್ಲಿ ಆಸಕ್ತಿ ಇದ್ದರೆ ಸಾಲದು. ತಂತ್ರಜ್ಞಾನ ತನಗೆ ತಾನೇ ಒಂದು ವಿಷಯವೇ ಅಲ್ಲ, ಅದು ಯಾವುದೋ ಒಂದರ ತಂತ್ರ. ಆ ಒಂದನ್ನು ಬಿಟ್ಟು ಉಳಿದದ್ದನ್ನು ಕಲಿಸುವುದಕ್ಕೆ ನಾವು ಇನ್ಕ್ಯುಬೇಷನ್ ಎಂದು ಹೆಸರಿಟ್ಟಿದ್ದೇವೆ. ಮೊಟ್ಟೆ ಇಲ್ಲದ ಕಾವು.

ಇನ್ನು ಮಾಧ್ಯಮ. ಈಗಿನ ಉದ್ಯಮಿಗೆ ಮಾಧ್ಯಮ ಎಂದರೆ ಕಂಟೆಂಟು, ಕಂಟೆಂಟು ಎಂದರೆ ಮೂವತ್ತು ಸೆಕೆಂಡಿನ ರೀಲು. ಬ್ರಹ್ಮಾವರದ ಹತ್ತಿರದ ವಡ್ಡರ್ಸೆಯವರಾದ ರಘುರಾಮ ಶೆಟ್ಟರು 'ಪ್ರಜಾವಾಣಿ'ಯ ಕೆಲಸ ಬಿಟ್ಟು 1984ರಲ್ಲಿ ಮಂಗಳೂರಿನಿಂದ 'ಮುಂಗಾರು' ದಿನಪತ್ರಿಕೆ ತಂದಾಗ ದುಡ್ಡು ಕೇಳಿದ್ದು ಓದುಗರನ್ನು. ಊರೂರು ತಿರುಗಿ ಷೇರು ಕೂಡಿಸಿದರು. ಓದುಗರೇ ಪತ್ರಿಕೆಯ ಒಡೆಯರು ಎಂಬುದು ಅದರ ಹಿಂದಿನ ಯೋಚನೆ. ಆ ಹೊತ್ತಿಗೆ ಮಣಿಪಾಲದ 'ಉದಯವಾಣಿ' 1970ರಿಂದ ಬರುತ್ತಿತ್ತು, ಕರಾವಳಿಯ ಮನೆಮನೆಯಲ್ಲಿ ನೆಲೆಯೂರಿತ್ತು. ಅಂಥ ಬೇರುಬಿಟ್ಟ ಪತ್ರಿಕೆಯ ಎದುರು ಹೊಸದನ್ನು ನಿಲ್ಲಿಸುವುದು ಹುಡುಗಾಟವಲ್ಲ. 'ಮುಂಗಾರು' ಬಹುಕಾಲ ಬಾಳಲಿಲ್ಲ. ಲೆಕ್ಕಪುಸ್ತಕದಲ್ಲಿ ಅದು ಸೋಲು. ಆದರೆ ಅಲ್ಲಿ ಕೆಲಸ ಕಲಿತ ಪತ್ರಕರ್ತರು ಮುಂದೆ ಕನ್ನಡ ಪತ್ರಿಕೋದ್ಯಮದ ತುಂಬ ಹರಡಿದರು, ಜಾತಿ ಮತ್ತು ಭೂಮಿಯ ಸುದ್ದಿಯನ್ನು ಮೊದಲ ಪುಟಕ್ಕೆ ತರುವ ಧೈರ್ಯವನ್ನು ಜೊತೆಗೆ ಒಯ್ದರು. ಜನ ಒಟ್ಟಾಗಿ ದುಡ್ಡು ಹಾಕುವುದಕ್ಕೆ ಇಂಗ್ಲಿಷಿನಲ್ಲಿ ಹೆಸರು ಬರುವ ಎಷ್ಟೋ ವರ್ಷ ಮೊದಲು ನಮ್ಮ ಊರಿನ ಒಬ್ಬ ಮನುಷ್ಯ ಅದನ್ನು ಮಾಡಿ, ಸೋತು, ಹೋದ. ನಮ್ಮ ಯಾವ ಉದ್ಯಮಶೀಲತೆಯ ತರಗತಿಯಲ್ಲೂ ಅವರ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ಸಿಲಿಕಾನ್ ಕಣಿವೆಯ ಗ್ಯಾರೇಜುಗಳ ಕಥೆ ಮಾತ್ರ ಎಲ್ಲರಿಗೂ ಬಾಯಿಪಾಠ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಬಹಳ ಆಸಕ್ತಿ ಇರುವುದು ತಪ್ಪಾದರೆ ಕೋಟದ ಶಿವರಾಮ ಕಾರಂತರನ್ನು ಏನು ಮಾಡುತ್ತೀರಿ? ಅವರು ಪತ್ರಿಕೆ ನಡೆಸಿದರು, ಮೂಕಿ ಚಿತ್ರ ತೆಗೆದರು, ಮುದ್ರಣಾಲಯ ಇಟ್ಟರು, ಮಕ್ಕಳ ಶಾಲೆ ಮಾಡಿದರು, ಯಕ್ಷಗಾನವನ್ನು ಬ್ಯಾಲೆಗೆ ಒಗ್ಗಿಸಿದರು, ಒಬ್ಬರೇ ಕೂತು ಬಾಲಪ್ರಪಂಚ ಬರೆದರು. ತಮ್ಮ ಮನಸ್ಸಿಗೆ ಹತ್ತು ಮುಖ ಎಂದು ಆತ್ಮಕಥೆಯ ಹೆಸರಿನಲ್ಲೇ ಹೇಳಿಕೊಂಡರು. ನಿಜ. ಆದರೆ ಅವರು ಇದರಲ್ಲಿ ಯಾವುದರಲ್ಲೂ 'ಆಸಕ್ತಿ' ಇಟ್ಟುಕೊಂಡು ಕೂರಲಿಲ್ಲ. ಪ್ರತಿಯೊಂದಕ್ಕೂ ಕೈ ಹಾಕಿದರು, ಹಲವಕ್ಕೆ ಕೈ ಸುಟ್ಟುಕೊಂಡರು. ಕನ್ನಡದ ಮಗುವಿಗೆ ವಿಜ್ಞಾನದ ಪುಸ್ತಕ ಇಲ್ಲ ಎಂಬುದು ಕಣ್ಣಿಗೆ ಬಿದ್ದ ಕೊರತೆ. ಅದಕ್ಕೆ ಉತ್ತರವಾಗಿ ಸಂಪುಟಗಳು ಬಂದವು. ಹತ್ತು ಕೆಲಸ ಮಾಡಿದವನಿಗೂ ಹತ್ತು ಆಸಕ್ತಿ ಬರೆದುಕೊಂಡವನಿಗೂ ಇರುವ ಅಂತರ ಕಾರಂತರಿಂದ ನನ್ನವರೆಗೆ ಇರುವ ಅಂತರ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಎಲ್ಲವೂ ಊರಿನ ಕೊರತೆಯಿಂದಲೇ ಹುಟ್ಟಬೇಕೇ? 1996ರಲ್ಲಿ ರೋಹಿತ್ ಭಟ್ ಉಡುಪಿಯಲ್ಲಿ ರೋಬೋಸಾಫ್ಟ್ ಶುರು ಮಾಡಿದಾಗ ಅವರು ಮ್ಯಾಕ್ ಕಂಪ್ಯೂಟರುಗಳಿಗೆ ತಂತ್ರಾಂಶ ಬರೆಯಲು ಹೊರಟರು. ಆಗ ಉಡುಪಿಯಲ್ಲಿ ಮ್ಯಾಕ್ ಇದ್ದವರು ಎಷ್ಟು ಜನ? ಗ್ರಾಹಕರು ಇದ್ದದ್ದು ಸಮುದ್ರದ ಆಚೆ. ಆ ಕಂಪನಿ ಬೆಳೆಯಿತು, ನೂರಾರು ಹುಡುಗ ಹುಡುಗಿಯರು ಬೆಂಗಳೂರಿನ ಬಸ್ಸು ಹತ್ತದೆ ಇಲ್ಲೇ ಕೆಲಸ ಮಾಡುವಂತಾಯಿತು, 2021ರಲ್ಲಿ ಜಪಾನಿನ ಟೆಕ್ನೋಪ್ರೋ ಅದನ್ನು ಕೊಂಡುಕೊಂಡಿತು. ಒಪ್ಪುತ್ತೇನೆ. ಗ್ರಾಹಕ ಪಕ್ಕದ ಮನೆಯವನೇ ಆಗಬೇಕಿಲ್ಲ. ಆದರೆ ಗ್ರಾಹಕ ಯಾರು ಎಂದು ಗೊತ್ತಿರಬೇಕು. ರೋಬೋಸಾಫ್ಟ್ ಒಂದು ಯಂತ್ರವನ್ನು ಹಿಡಿದು ಅದರ ಒಳಹೊರಗನ್ನು ಕಲಿತು ನಿಂತಿತು. ಚೆಂಡಿಗೆ ಎಷ್ಟು ಹೂ ಎಂಬ ಪ್ರಶ್ನೆ ಮ್ಯಾಕಿಗೂ ಇದೆ, ಅದಕ್ಕೂ ಎಂಟುನೂರು ಎನ್ನುವಂಥ ಖಚಿತ ಉತ್ತರ ಇದೆ.

ನನಗೆ ಇದೆಲ್ಲ ತಿಳಿದದ್ದು ಪುಸ್ತಕದಿಂದಲ್ಲ, ಪೆಟ್ಟು ತಿಂದು. ಕಾಪುವಿನ ಬಾಡಿಗೆ ಕೋಣೆಯೊಂದರಲ್ಲಿ, ಕಿಟಕಿಯಿಂದ ದೀಪಸ್ತಂಭ ಕಾಣುತ್ತಿತ್ತು, ಇಬ್ಬರು ಗೆಳೆಯರ ಜೊತೆ ನಾನು ಯಕ್ಷಗಾನದ ಆ್ಯಪ್ ಒಂದನ್ನು ಮಾಡಿದೆ. ಇವತ್ತು ಯಾವ ಮೇಳದ ಆಟ ಎಲ್ಲಿ, ಪ್ರಸಂಗ ಯಾವುದು, ಟಿಕೆಟ್ ಎಷ್ಟು. ಒಂದೂವರೆ ವರ್ಷ, ಮೂವರ ಉಳಿತಾಯ. ಬಿಡುಗಡೆಯ ದಿನ ಒಳ್ಳೆಯ ಸುದ್ದಿಯೂ ಆಯಿತು. ಆಮೇಲೆ ಯಾರೂ ತೆರೆಯಲಿಲ್ಲ. ಯಾಕೆಂದರೆ ಇಂದಿನ ಆಟದ ಪಟ್ಟಿ ದಿನವೂ ಪತ್ರಿಕೆಯಲ್ಲಿ ಬರುತ್ತದೆ, ಅದನ್ನು ಅಜ್ಜ ಓದಿ ಹೇಳುತ್ತಾರೆ. ಅಷ್ಟೇ ಅಲ್ಲ, ಬಯಲಾಟದ ಮೇಳಗಳಲ್ಲಿ ಟಿಕೆಟ್ಟೇ ಇಲ್ಲ. ಹರಕೆ ಹೊತ್ತವರು ಆಟ ಆಡಿಸುತ್ತಾರೆ, ಮಂದಾರ್ತಿಯಂಥ ಕ್ಷೇತ್ರದಲ್ಲಿ ಹರಕೆಯ ಆಟಕ್ಕೆ ವರ್ಷಗಟ್ಟಲೆ ಕಾಯಬೇಕು. ನೋಡುವವನು ದುಡ್ಡು ಕೊಡದ, ಆಡಿಸುವವನು ಕೊಡುವ ಈ ವ್ಯವಸ್ಥೆ ನನ್ನ ಕಣ್ಣೆದುರೇ ಬಾಲ್ಯದಿಂದ ಇತ್ತು. ನಾನು ಟಿಕೆಟ್ ಮಾರುವ ಯಂತ್ರ ಮಾಡಿ ಕೂತಿದ್ದೆ! ಒಂದು ಮೇಳದ ಮ್ಯಾನೇಜರ ಜೊತೆ ಒಂದು ತಿರುಗಾಟ ಸುತ್ತಿದ್ದರೆ ಕಲಾವಿದರ ಮುಂಗಡ, ಲಾರಿಯ ಬಾಡಿಗೆ, ಹರಕೆದಾರರ ಪಟ್ಟಿ, ಇವುಗಳ ಲೆಕ್ಕದಲ್ಲಿ ನಿಜವಾದ ಕೊರತೆ ಎಲ್ಲಿದೆ ಎಂದು ಕಾಣುತ್ತಿತ್ತು. ಆ ಸೋಲಿನ ನಂತರವೇ ನಾನು ಕಾರ್ಡಿನ ಹಿಂದೆ ಆಸಕ್ತಿಗಳ ಪಟ್ಟಿ ಹಾಕಿಸಿದ್ದು. ಮಾಡಿದ ಕೆಲಸ ಹೇಳಿಕೊಳ್ಳಲು ಇಲ್ಲದವನಿಗೆ ಆಸಕ್ತಿ ಒಳ್ಳೆಯ ಮರೆ.

ಮರೆ ಎಂದಾಗ ಕಾರ್ಕಳ ತಾಲೂಕಿನ ನಂದಳಿಕೆಯ ಲಕ್ಷ್ಮೀನಾರಣಪ್ಪ ನೆನಪಾಗುತ್ತಾರೆ. ಉಡುಪಿಯಲ್ಲಿ ಮೇಷ್ಟ್ರಾಗಿದ್ದ ಮುದ್ದಣ, ತನ್ನದು ಎಂದು ಕಳಿಸಿದರೆ ವಿದ್ವಾಂಸರು ಮೂಸಲಾರರು ಎಂದು ತನ್ನ ಕೃತಿಯನ್ನೇ ಹಳೆಯ ಕಾಲದ ಕೃತಿ ಎಂದು ಮೈಸೂರಿನ ಪತ್ರಿಕೆಗೆ ಕಳಿಸಿದರು. ಅವರು ನಂಬಿ ಅಚ್ಚು ಹಾಕಿದರು. 1901ರಲ್ಲಿ, ಮೂವತ್ತೊಂದನೆಯ ವಯಸ್ಸಿಗೆ, ಕ್ಷಯದಿಂದ ಅವರು ತೀರಿಕೊಂಡರು. ತೀರ್ಪುಗಾರರಿಗೆ ಬೇಕಾದ ವೇಷ ಹಾಕುವುದು ಈ ನೆಲದಲ್ಲಿ ಹೊಸದಲ್ಲ. ಆದರೆ ಮುದ್ದಣನ ವೇಷದ ಒಳಗೆ ಮುದ್ದಣನೇ ಇದ್ದರು. ನಮ್ಮ ಹುಡುಗರ ಕೋಟಿನ ಒಳಗೆ ಯಾರದೋ ಬೆಂಗಳೂರು, ಯಾರದೋ ಕ್ಯಾಲಿಫೋರ್ನಿಯಾ. ಆ ವೇಷ ಬೇಕೆಂದು ಕೇಳುತ್ತಿರುವವರು ನಾವು. ಸರ್ಕಾರ ನಮ್ಮಂಥ ಊರುಗಳಿಗೆ ಹಾಕಿಕೊಂಡ ಯೋಜನೆಯ ಹೆಸರೇ 'ಬಿಯಾಂಡ್ ಬೆಂಗಳೂರು'. ನಮ್ಮನ್ನು ಬೆಂಗಳೂರಿನಿಂದ ಅಳೆದು, ಅದರ ಆಚೆ ಎಂದು ಗುರುತಿಸಿದ್ದಾರೆ. ಉಡುಪಿ ತನ್ನ ಪಾಲಿಗೆ ಯಾವುದರ ಆಚೆಯೂ ಅಲ್ಲ.

ಹಾಗಾದರೆ ಏನು ಮಾಡಬೇಕು? ಬಹಳ ಖರ್ಚಿನದ್ದೇನೂ ಕೇಳುತ್ತಿಲ್ಲ. ಮೊದಲನೆಯದು, ಪಿಚ್ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಇರಲಿ, ಯಾವ ಭಾಷೆಯಲ್ಲಿ ಗ್ರಾಹಕ ಚೌಕಾಸಿ ಮಾಡುತ್ತಾನೋ ಆ ಭಾಷೆಯಲ್ಲಿ. ಹೊರಗಿನ ಹೂಡಿಕೆದಾರ ಬಂದ ದಿನ ಅನುವಾದ ಮಾಡಿದರಾಯಿತು. ಎರಡನೆಯದು, ಸ್ಲೈಡು ತೋರಿಸುವ ಮೊದಲು ಮೂವತ್ತು ದಿನ ಆ ಕೆಲಸ ನಡೆಯುವ ಜಾಗದಲ್ಲಿ ಕೂತ ದಿನಚರಿ ಕೊಡಲಿ. ಮಲ್ಲಿಗೆಯಾದರೆ ಶಂಕರಪುರದ ಕಟ್ಟೆ, ಮೀನಾದರೆ ಮಲ್ಪೆಯ ಬಂದರು. ಮೂರನೆಯದು, ತೀರ್ಪುಗಾರರ ಸಾಲಿನಲ್ಲಿ ನನ್ನಂಥವನ ಪಕ್ಕ ಹೂ ಕಟ್ಟುವವರೊಬ್ಬರು ಕೂರಲಿ, ಅವರ ಅಂಕಕ್ಕೂ ನನ್ನ ಅಂಕಕ್ಕೂ ಒಂದೇ ತೂಕ ಇರಲಿ.

ಇದರಿಂದ ಕೋಟಿಗಟ್ಟಲೆ ಬೆಲೆಯ ಕಂಪನಿ ಹುಟ್ಟುತ್ತದೆ ಎಂಬ ಭರವಸೆ ನಾನು ಕೊಡಲಾರೆ. ತಿಳಿದವಳು ಮಾತಾಡುತ್ತಾಳೆ, ಅಷ್ಟು ಖಂಡಿತ.

ಸ್ಪರ್ಧೆಯಾಗಿ ತಿಂಗಳ ಮೇಲೆ ನಾನು ಶಂಕರಪುರಕ್ಕೆ ಹೋದೆ. ಬೆಳಗಿನ ಹೊತ್ತು, ಮನೆಗಳಿಂದ ಹೂವಿನ ಕಟ್ಟುಗಳು ಬರುತ್ತಿದ್ದವು. ಮದುವೆಯ ದಿನಗಳಲ್ಲಿ ದರ ಏರುತ್ತದೆ, ಮೋಡ ಕವಿದರೆ ಮೊಗ್ಗು ಕಮ್ಮಿ, ಮುಂಬಯಿಗೆ ಹೋಗುವ ಹೂವಿಗೆ ಹೊತ್ತು ಮೀರುವಂತಿಲ್ಲ. ದಿನದ ದರ ಇಲ್ಲಿ ಗೊತ್ತಾಗುತ್ತದೆ, ಜಿಲ್ಲೆಯೆಲ್ಲ ಅದೇ ದರ ನಡೆಯುತ್ತದೆ. ಅಸಂಘಟಿತ ಎಂದು ನಮ್ಮ ಹುಡುಗರು ಕರೆದ ವ್ಯವಸ್ಥೆ ಗಡಿಯಾರದ ಹಾಗೆ ನಡೆಯುತ್ತಿತ್ತು. ತೆಗೆದುಹಾಕಬೇಕು ಎಂದ ಮಧ್ಯವರ್ತಿ, ಒಬ್ಬ ಹೆಂಗಸಿನ ಮಗಳ ಫೀಸಿಗೆ ಮುಂಗಡ ಬರೆದುಕೊಡುತ್ತಿದ್ದ. ಆ ಮುಂಗಡದ ಬಡ್ಡಿ ಯಾವ ರೂಪದಲ್ಲಿ ವಸೂಲಾಗುತ್ತದೆ ಎಂದು ನಾನು ಕೇಳಿದೆ. ಅವನು ನಕ್ಕು ಬೇರೆ ಮಾತಿಗೆ ಹೊರಳಿದ. ನಿಜವಾದ ಪ್ರಶ್ನೆ ಅಲ್ಲಿರಬಹುದು. ಅದನ್ನು ಕೇಳಬೇಕಾದವಳು ಆ ಹುಡುಗಿ, ನಾನಲ್ಲ.

ಬರುವಾಗ ಒಂದು ಚೆಂಡು ಕೊಂಡುಕೊಂಡೆ. ಕಾರ್ಡು ಹೊಸದಾಗಿ ಅಚ್ಚು ಹಾಕಿಸಬೇಕಿತ್ತು. ಹೆಸರು ಮತ್ತು ಫೋನ್ ನಂಬರ್ ಮಾತ್ರ ಸಾಕು, ಹಿಂಬದಿ ಖಾಲಿ ಬಿಡಿ ಎಂದು ಪ್ರೆಸ್ಸಿನವನಿಗೆ ಹೇಳಿದ್ದೇನೆ.